ಆಟದಿಂದ ಹೊರಬಿದ್ದವನ ಬಾಯಿಯನ್ನೂ ಮುಚ್ಚಿಸಬೇಕೇ?

[ಪರದೆಯ ಮೇಲೆ: ಗೇಮರ್‌ಗಳ ಹರಟೆ ಆ್ಯಪ್ ಡಿಸ್ಕಾರ್ಡ್‌ನ ಗುಂಪಿಗೆ ಬಂದ ಸಂದೇಶ]

"ಅಣ್ಣ, ನನ್ನ ಐಡಿ ಬ್ಯಾನ್ ಆಗಿದೆ. ನಾನು ಯಾವ ಹ್ಯಾಕನ್ನೂ ಹಾಕಿಲ್ಲ. ಆಡಿದ್ದು ನಮ್ಮ ಚಿಕ್ಕಪ್ಪನ ಮಗ."

ಮೈಸೂರು, ಮಂಡ್ಯದ ಹುಡುಗರ ಯಾವ ಗೇಮಿಂಗ್ ಗುಂಪಿಗೆ ಹೋದರೂ ಇಂಥದ್ದೊಂದು ಸಿಗುತ್ತದೆ. ಹ್ಯಾಕ್ ಎಂದರೆ ಮೋಸದಿಂದ ಗೆಲ್ಲಿಸುವ ತಂತ್ರಾಂಶ; ಬ್ಯಾನ್ ಮಾಡಿದ್ದು ಆಟದ ಕಂಪನಿ. ಚಿಕ್ಕಪ್ಪನ ಮಗನಲ್ಲದಿದ್ದರೆ ರೂಮ್‌ಮೇಟ್. ಅದನ್ನು ಓದಿದ, ಗುಂಪು ನೋಡಿಕೊಳ್ಳುವ ಮಾಡರೇಟರ್ ನಕ್ಕು, ಅವನನ್ನು ಗುಂಪಿನಿಂದಲೂ ತೆಗೆದುಬಿಡುತ್ತಾನೆ. ಆಟದಲ್ಲಿ ಮೋಸ ಮಾಡಿದವನಿಗೆ ಇಲ್ಲೇನು ಕೆಲಸ ಎಂಬುದು ಅವನ ವಾದ. ನನಗೆ ಅದು ಒಪ್ಪಿಗೆಯಿಲ್ಲ.

ಮೈದಾನದಲ್ಲಿ ಟೆನಿಸ್ ಬಾಲ್ ಪಂದ್ಯ ನಡೆಯುವಾಗ ಅಂಪೈರ್ ಜೊತೆ ಜಗಳವಾಡಿ ಹೊರಬಿದ್ದ ಹುಡುಗ ಬೌಂಡರಿ ಗೆರೆಯಾಚೆ ನಿಂತು ಗೊಣಗುತ್ತಾನೆ. ಅವನನ್ನು ಯಾರೂ ಗೇಟಿನಾಚೆ ಅಟ್ಟುವುದಿಲ್ಲ. ಕಲ್ಲು ಎಸೆದರೆ ಮಾತು ಬೇರೆ.

[ಪರದೆಯ ಮೇಲೆ: 2010, 2023]

ಆಟದ ಕಂಪನಿಗಳ ತೀರ್ಪು ತಪ್ಪುವುದೇ ಇಲ್ಲವೇ? 2010ರ ಜುಲೈನಲ್ಲಿ ವಾಲ್ವ್ ಕಂಪನಿಯ ವ್ಯಾಕ್ ಎಂಬ ಮೋಸ ಪತ್ತೆ ವ್ಯವಸ್ಥೆ 'ಮಾಡರ್ನ್ ವಾರ್‌ಫೇರ್ 2' ಆಡುತ್ತಿದ್ದ ಸುಮಾರು 12,000 ಮಂದಿಯನ್ನು ವಿನಾಕಾರಣ ಬ್ಯಾನ್ ಮಾಡಿತು. ಅಪ್‌ಡೇಟ್ ನಡೆಯುವಾಗ ಡಿಸ್ಕ್‌ನಲ್ಲಿದ್ದ ಕಡತಕ್ಕೂ ಮೆಮೊರಿಯಲ್ಲಿದ್ದ ಅದರ ಪ್ರತಿಗೂ ತಾಳೆಯಾಗದಿದ್ದದ್ದೇ ಕಾರಣ. ಕಂಪನಿ ತಪ್ಪೊಪ್ಪಿಕೊಂಡು ಬ್ಯಾನ್ ತೆಗೆದು, 'ಲೆಫ್ಟ್ 4 ಡೆಡ್ 2' ಆಟವನ್ನು ಉಚಿತವಾಗಿ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎಎಂಡಿ, ಕಾರ್ಡ್ ನಡೆಸುವ ತನ್ನ ಡ್ರೈವರ್ ತಂತ್ರಾಂಶದಲ್ಲಿದ್ದ ಆ್ಯಂಟಿ-ಲ್ಯಾಗ್ ಪ್ಲಸ್ ಎಂಬ, ವಿಳಂಬ ತಗ್ಗಿಸುವ ಸೌಲಭ್ಯವನ್ನು 'ಕೌಂಟರ್-ಸ್ಟ್ರೈಕ್ 2' ಆಟಕ್ಕೂ ಒದಗಿಸಿತು. ಅದನ್ನು ಆನ್ ಮಾಡಿ ಆ ಆಟ ಆಡಿದವರೂ ಬ್ಯಾನ್ ಆದರು. ಕೊನೆಗೆ ಎಎಂಡಿ ಆ ಡ್ರೈವರನ್ನೇ ಹಿಂತೆಗೆದುಕೊಂಡಿತು.

ಇಂಥ ಹೊತ್ತಿನಲ್ಲಿ ಒಬ್ಬನೇ ಕಂಪನಿಗೆ ಪತ್ರ ಬರೆದರೆ ಸಿದ್ಧ ಉತ್ತರವೊಂದು ಬರುತ್ತದೆ, ಅಷ್ಟೇ. ಹತ್ತು ಮಂದಿ ಒಂದೇ ಕಡೆ ಸೇರಿ "ನನ್ನದೂ ಅದೇ ಗ್ರಾಫಿಕ್ಸ್ ಕಾರ್ಡ್, ನಿನ್ನೆ ತಾನೇ ಡ್ರೈವರ್ ಹಾಕಿದೆ" ಎಂದಾಗಲೇ ಎಡವಟ್ಟು ಎಲ್ಲಿದೆ ಎಂಬುದು ಹೊಳೆಯುತ್ತದೆ. ಬ್ಯಾನ್ ಆದವರನ್ನೆಲ್ಲ ಹೊರದಬ್ಬಿದರೆ ಆ ಹತ್ತು ಮಂದಿ ಒಟ್ಟಿಗೆ ಸೇರುವುದೆಲ್ಲಿ?

ಇನ್ನು ಆ ಚಿಕ್ಕಪ್ಪನ ಮಗ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಮೊಬೈಲ್ ಆಟದ ಕ್ರಾಫ್ಟನ್ ಕಂಪನಿ 2021ರ ಡಿಸೆಂಬರ್‌ನಲ್ಲಿ ಹ್ಯಾಕ್ ಸಿಕ್ಕ ಮೊಬೈಲನ್ನೇ ಬ್ಯಾನ್ ಮಾಡುವ ಕ್ರಮ ತಂದಿತು. ಮಂಡ್ಯದ ಕಡೆ ಅಣ್ಣ, ತಮ್ಮ ಇಬ್ಬರಿಗೂ ಒಂದೇ ಮೊಬೈಲ್ ಇರುವ ಮನೆಗಳಿವೆ. ತಮ್ಮ ಮಾಡಿದ್ದನ್ನು ಅಣ್ಣ ಉಣ್ಣುತ್ತಾನೆ. ನೂರರಲ್ಲಿ ಎಷ್ಟೋ ಮಂದಿ ಸುಳ್ಳು ಹೇಳುತ್ತಾರೆ, ನಿಜ. ಆದರೂ ಕೇಳದೆಯೇ ನಗುವುದು ಸರಿಯಲ್ಲ.

ಮಾಡರೇಟರ್‌ಗಳ ಪಾಡೂ ಕಷ್ಟದ್ದೇ. ಸಂಬಳವಿಲ್ಲ, ನಾಳೆ ಇಂಟರ್ನಲ್ಸ್ ಇದೆ, ಒಬ್ಬ ಮಹಾಶಯ ರಾತ್ರಿಯೆಲ್ಲ ಒಂದೇ ಸಾಲನ್ನು ಮತ್ತೆ ಮತ್ತೆ ಕಳಿಸುತ್ತಿದ್ದಾನೆ. ಅದಕ್ಕೆ ಡಿಸ್ಕಾರ್ಡ್‌ನಲ್ಲೇ ಉಪಾಯವಿದೆ: ಒಂದು ಸಂದೇಶದ ನಂತರ ಇನ್ನೊಂದಕ್ಕೆ ಕಾಯಿಸುವ ಸ್ಲೋ ಮೋಡ್ ಹಾಕಿ, ಮಿತಿಮೀರಿದರೆ ಕೆಲಕಾಲ ಬರೆಯದಂತೆ ತಡೆಯುವ ಟೈಮ್‌ಔಟ್ ಕೊಡಿ. ಮೆನುವಿನಿಂದಲೇ ಒಂದು ವಾರದವರೆಗೆ ಕೊಡಬಹುದು. ರಿಪೋರ್ಟ್ ಮಾಡಿದವನ ಮನೆಯವರನ್ನೆಲ್ಲ ಬೈಯುವವನನ್ನು, 'ಬ್ಯಾನ್ ಆಗದ ಹ್ಯಾಕ್ ಇದೆ, ಬೇಕಾದವರು ಮೆಸೇಜ್ ಮಾಡಿ' ಎಂದು ವ್ಯಾಪಾರಕ್ಕಿಳಿಯುವವನನ್ನು ಆ ಕ್ಷಣವೇ ಹೊರಹಾಕಿ. ಅವರ ತಪ್ಪು ನಡೆದಿರುವುದೇ ಗುಂಪಿನೊಳಗೆ.

ಬ್ಯಾನ್ ಆದ ಉಳಿದವರಿಗೆ ಎಲ್ಲವನ್ನೂ ಓದಲು ಬಿಡಿ; ಬ್ಯಾನ್ ಬಗ್ಗೆ ಬರೆಯಲು ಗುಂಪಿನೊಳಗೆ ಮೇಲ್ಮನವಿಯ ಒಂದೇ ಚಾನೆಲ್ ತೆರೆಯಿರಿ. ಕಂಪನಿಯ ಬ್ಯಾನ್ ತೆಗೆಸುವ ಶಕ್ತಿ ನಿಮಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ದಿನವೂ ಅದೇ ಗೋಳು. ಯಾರನ್ನಾದರೂ ಗುಂಪಿನಿಂದ ತೆಗೆದಿದ್ದರೆ, ತೆಗೆದ ಮಾಡರೇಟರ್ ಬಿಟ್ಟು ಇನ್ನೊಬ್ಬ ಮಾಡರೇಟರ್ ಅವನ ಮನವಿಯನ್ನು ನೋಡಲಿ. ಒಬ್ಬ ಹ್ಯಾಕ್ ಹಾಕಿದ್ದು ಖಚಿತವಾದರೂ ಅವನು ಬೇರೆ ಆಟಗಳ ಬಗ್ಗೆ ಹರಟಿಕೊಂಡಿರಲಿ, ಅಡ್ಡಿಯಿಲ್ಲ. ಗುಂಪಿನವರೇ ಸೇರಿ ಆಡುವ ಕಸ್ಟಮ್ ರೂಮಿನ ಪಾಸ್‌ವರ್ಡ್ ಮಾತ್ರ ಅವನ ಕೈಗೆ ಕೊಡಬೇಡಿ.