ಕಾರ್ಡು ಹಳೆಯದು, ಆಟ ಹೊಸದು

ಕೇಳುಗರೆಲ್ಲರಿಗೂ ನಮಸ್ಕಾರ.

ಇಸ್ಪೀಟು ಆಡಲು ಕೂತರೆ ನಡುವೆ ಇರುವುದು ಒಂದೇ ಕಟ್ಟು. ಅದರಲ್ಲಿರುವ 52 ಎಲೆಗಳು ಯಾವುವು ಅಂತ ಎಲ್ಲರಿಗೂ ಗೊತ್ತು. ಹಾಗಲ್ಲದೆ, ಪ್ರತಿಯೊಬ್ಬರೂ ತಮಗೆ ಬೇಕಾದ ಎಲೆಗಳನ್ನೇ ಆರಿಸಿ ತಂದು ಕೂತರೆ? ಮ್ಯಾಜಿಕ್: ದ ಗ್ಯಾದರಿಂಗ್ ಅಂಥ ಆಟ. ಇದನ್ನು ರೂಪಿಸಿದವರು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ಮೊದಲು ಅವರು ರೋಬೋಗಳ ಬೋರ್ಡ್ ಆಟವೊಂದನ್ನು ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಣ್ಣ ಕಂಪನಿಗೆ ತೋರಿಸಿದ್ದರು. ಅದನ್ನು ತಯಾರಿಸಲು ಖರ್ಚು ಜಾಸ್ತಿ. ಕೈಯಲ್ಲಿ ಒಯ್ಯುವಂಥ, ಬೇಗ ಮುಗಿಯುವಂಥ ಆಟ ಬೇಕು ಅಂದರು ಕಂಪನಿಯ ಪೀಟರ್ ಆಡ್ಕಿಸನ್. 1993ರ ಆಗಸ್ಟಿನಲ್ಲಿ ಮ್ಯಾಜಿಕ್ ಅಂಗಡಿಗೆ ಬಂತು. ಇವತ್ತಿಗೂ ವರ್ಷಕ್ಕೆ ಹಲವು ಸಲ ಹೊಸ ಕಾರ್ಡುಗಳು ಬರುತ್ತಲೇ ಇವೆ.

ಇಲ್ಲಿ ನೀವೊಬ್ಬ ಮಾಂತ್ರಿಕ, ಎದುರಿಗೆ ಇನ್ನೊಬ್ಬ. ಇಬ್ಬರಿಗೂ 20 ಅಂಕದ ಜೀವ. ನೆಲದ ಕಾರ್ಡುಗಳಿಂದ ಮನಾ ಎಂಬ ಶಕ್ತಿ ಬರುತ್ತದೆ. ಅದನ್ನು ಖರ್ಚು ಮಾಡಿ ಮಂತ್ರ ಹಾಕಬೇಕು, ಪ್ರಾಣಿಗಳನ್ನು ಕರೆಸಬೇಕು. ಎದುರಾಳಿಯ ಜೀವ ಸೊನ್ನೆಗೆ ಇಳಿದರೆ ನೀವು ಗೆದ್ದಿರಿ.

ನಿಜವಾದ ರುಚಿ ಇರುವುದು ಅದಕ್ಕೂ ಮೊದಲು, ಡೆಕ್, ಅಂದರೆ ನಿಮ್ಮ ಕಾರ್ಡುಗಳ ಕಟ್ಟು, ಸಿದ್ಧ ಮಾಡುವಾಗ. ಸಾಮಾನ್ಯವಾಗಿ ಕನಿಷ್ಠ 60 ಕಾರ್ಡು ಬೇಕು. ಮಾಮೂಲಿ ನೆಲ ಬಿಟ್ಟರೆ ಒಂದೇ ಕಾರ್ಡು ನಾಲ್ಕಕ್ಕಿಂತ ಜಾಸ್ತಿ ಇರುವಂತಿಲ್ಲ. ಆರಿಸಲು 20 ಸಾವಿರಕ್ಕೂ ಹೆಚ್ಚು ಬಗೆಯ ಕಾರ್ಡುಗಳಿವೆ. ಬಣ್ಣ ಐದು, ಒಂದೊಂದಕ್ಕೂ ಒಂದು ಸ್ವಭಾವ. ಕೆಂಪಿಗೆ ಅವಸರ, ಸಿಟ್ಟು. ಹಸಿರಿಗೆ ದೊಡ್ಡ ದೊಡ್ಡ ಪ್ರಾಣಿಗಳು. ಬಿಳಿಗೆ ಶಿಸ್ತು. ನೀಲಿ ಎದುರಾಳಿಯ ಮಂತ್ರವನ್ನೇ ತಡೆಯುತ್ತದೆ. ಕಪ್ಪು ಗೆಲ್ಲುವ ಆಸೆಗೆ ತನ್ನ ಜೀವವನ್ನೇ ಪಣಕ್ಕಿಡುತ್ತದೆ. ಡೆಕ್ ನೋಡಿದರೆ ಕಟ್ಟಿದವರ ಸ್ವಭಾವವೂ ಸ್ವಲ್ಪ ಗೊತ್ತಾಗುತ್ತದೆ. ಸೋತು ಮನೆಗೆ ಬಂದು, ಕಾರ್ಡುಗಳನ್ನು ಹರಡಿಕೊಂಡು, ಇದನ್ನು ತೆಗೆದು ಅದನ್ನು ಹಾಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುವುದೂ ಆಟವೇ ಅಲ್ವಾ?

ಹಳೆಯ ಕಾರ್ಡುಗಳು ಮೂಲೆಗೆ ಬೀಳಲಿಲ್ಲ ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ. ಲೈಟ್ನಿಂಗ್ ಬೋಲ್ಟ್ ಅಂತ ಒಂದು ಕಾರ್ಡಿದೆ. ಒಂದು ಕೆಂಪು ಮನಾ ಕೊಟ್ಟರೆ ಮೂರು ಅಂಕದ ಪೆಟ್ಟು. 1993ರ ಮೊದಲ ಕಂತಿನದು, ಈಗಲೂ ಆಡುತ್ತಾರೆ. ಅಪ್ಪ ಆ ಕಾಲದಲ್ಲಿ ಕೊಂಡ ಕಾರ್ಡಿನ ಪಕ್ಕದಲ್ಲೇ ಮಗಳು ನಿನ್ನೆ ಕೊಂಡದ್ದನ್ನು ಇಟ್ಟು ಆಡಬಹುದು. ಅಂದಹಾಗೆ, 2016ರ ಕಲಾದೇಶ್ ಎಂಬ ಕಂತಿನ ಲೋಕ ನಮ್ಮ ಭಾರತದಿಂದ ಸ್ಫೂರ್ತಿ ಪಡೆದದ್ದು.

ದುಡ್ಡಿನ ಮಾತು ಆಡಲೇಬೇಕು. ಹೊಸ ಕಾರ್ಡುಗಳು ಮುಚ್ಚಿದ ಪೊಟ್ಟಣದಲ್ಲಿ ಬರುತ್ತವೆ, ಒಡೆಯುವವರೆಗೆ ಒಳಗೇನಿದೆ ಅಂತ ಗೊತ್ತಾಗುವುದಿಲ್ಲ. ಕೆಲವು ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕುವುದಿಲ್ಲ ಅಂತ ಕಂಪನಿ 1996ರಲ್ಲಿ ಮಾತು ಕೊಟ್ಟಿತು. ಅವುಗಳ ಬೆಲೆ ಏರುತ್ತಲೇ ಹೋಯಿತು. ಇದು ಆಡುವವರಿಗೆ ಒಳ್ಳೆಯದಲ್ಲ ಅಂತಲೇ ನನ್ನ ಅಭಿಪ್ರಾಯ. ಅದಕ್ಕೇ ನನಗೆ ಡ್ರಾಫ್ಟ್ ಎಂಬ ಬಗೆಯ ಆಟ ಮೆಚ್ಚು. ತಲೆಗೆ ಮೂರು ಪೊಟ್ಟಣ. ಒಡೆದು, ಒಂದು ಕಾರ್ಡು ಇಟ್ಟುಕೊಂಡು, ಉಳಿದದ್ದನ್ನು ಪಕ್ಕದವರಿಗೆ ದಾಟಿಸಬೇಕು. ಹಾಗೆ ಸಿಕ್ಕಿದ್ದರಲ್ಲೇ 40 ಕಾರ್ಡಿನ ಡೆಕ್. ಮನೆಯಲ್ಲಿ ಎಷ್ಟು ಬೆಲೆಬಾಳುವ ಕಾರ್ಡು ಇದ್ದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕಮಾಂಡರ್ ಎಂಬ ಬಗೆಯನ್ನಂತೂ ಆಡುವವರೇ ಹುಟ್ಟುಹಾಕಿದರು. 100 ಕಾರ್ಡು, ಮಾಮೂಲಿ ನೆಲ ಬಿಟ್ಟು ಎಲ್ಲವೂ ಒಂದೊಂದೇ. ಸಾಮಾನ್ಯವಾಗಿ ನಾಲ್ವರು ಕೂತು ಹರಟುತ್ತಾ ಆಡುತ್ತಾರೆ. ಕಂಪನಿ 2011ರಲ್ಲಿ ಅದಕ್ಕೆಂದೇ ಡೆಕ್ ತಂದಿತು.

ಕಲಿಯುವ ಮನಸ್ಸಾದರೆ ಮೊದಲೇ ದುಡ್ಡು ಹಾಕಬೇಡಿ. ಆಡುವವರ ಹತ್ತಿರ ಒಂದು ಡೆಕ್ ಕೇಳಿ ಪಡೆಯಿರಿ, ಎರಡು ಮೂರು ಆಟ ಆಡಿ ನೋಡಿ. ನಮಸ್ಕಾರ.