ಫ್ಯಾಂಟಸಿ ಡ್ರಾಫ್ಟಲ್ಲಿ ಕ್ಯೂಬಿಗೆ ಆತುರ ಬೇಡ, ಓಡೋನನ್ನ ಹಿಡೀರಿ

ನಮಸ್ಕಾರ ಎಲ್ರಿಗೂ. ಸೆಪ್ಟೆಂಬರ್ 4ಕ್ಕೆ ಈಗಲ್ಸ್-ಕೌಬಾಯ್ಸ್ ಮ್ಯಾಚಿಂದ ಅಮೆರಿಕನ್ ಫುಟ್ಬಾಲಿನ ದೊಡ್ಡ ಲೀಗು ಎನ್‌ಎಫ್‌ಎಲ್‌ನ 2025ರ ಸೀಸನ್ ಶುರು, ಹಾಗಾಗಿ ಈಗ ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾ ಎಲ್ಲಾ ಕಡೆ ಆಫೀಸ್ ಲೀಗು, ಫ್ರೆಂಡ್ಸ್ ಲೀಗು, ಕನ್ನಡ ಕೂಟದೋರು ವಾಟ್ಸಾಪಲ್ಲಿ ಸೇರ್ಕೊಂಡು ಮಾಡಿರೋ ಲೀಗು ಅಂತ ಫ್ಯಾಂಟಸಿ ಫುಟ್ಬಾಲ್ ಡ್ರಾಫ್ಟ್ ಟೈಮು. ಅಂದ್ರೆ ನಿಜವಾದ ಆಟಗಾರರನ್ನ ಸರದಿ ಪ್ರಕಾರ, ರೌಂಡಿಗೆ ಒಬ್ಬೊಬ್ರಂತೆ ಆರಿಸ್ಕೊಂಡು ಟೀಮ್ ಕಟ್ಕೊಳ್ಳೋದು, ಅವ್ರು ಮ್ಯಾಚಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟು. ಬೆಂಗಳೂರಲ್ಲಿ ಕೂತು ಅಮೆರಿಕದ ಟೀಮ್ ಜೊತೆ ಕೆಲಸ ಮಾಡೋರನ್ನೂ ಕೆಲವು ಕಡೆ ಲೀಗಿಗೆ ಎಳ್ಕೋತಾರೆ, ಅವ್ರಿಗೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಇದು ಡ್ರೀಮ್ ಇಲೆವೆನ್ ಥರ ಅಲ್ಲ. ಅಲ್ಲಿ ಕೊಹ್ಲಿನ ನೀವೂ ಹಾಕ್ಕೋಬಹುದು ನಾನೂ ಹಾಕ್ಕೋಬಹುದು. ಇಲ್ಲಿ 12 ಜನರ ಲೀಗಲ್ಲಿ ಬಫಲೋ ಬಿಲ್ಸ್ ಕ್ವಾರ್ಟರ್‌ಬ್ಯಾಕ್ ಜೋಶ್ ಆಲನ್ ಒಬ್ರ ಪಾಲಿಗೆ ಮಾತ್ರ, ಅದೂ ಪೂರ್ತಿ ಸೀಸನ್ನಿಗೆ, ಮಿಕ್ಕ 11 ಜನ ಅವನ್ನ ಮರೀಬೇಕು ಅಷ್ಟೇ. ಅದಕ್ಕೇ ಯಾರನ್ನ ತಗೋಬೇಕು ಅನ್ನೋದಕ್ಕಿಂತ ಯಾವಾಗ ತಗೋಬೇಕು ಅನ್ನೋದು ದೊಡ್ಡ ಪ್ರಶ್ನೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಒಂದೇ ಕ್ಯೂಬಿ (ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆದು ಟೀಮಿನ ದಾಳಿ ನಡ್ಸೋನು) ಆಡ್ಸೋ ಲೀಗಾದ್ರೆ ಮೊದಲ ನಾಲ್ಕೈದು ರೌಂಡು ಕ್ವಾರ್ಟರ್‌ಬ್ಯಾಕ್ ಕಡೆ ತಿರುಗಿ ಕೂಡಾ ನೋಡ್ಬೇಡಿ, ಆಮೇಲೆ ತಗೊಳ್ಳೋವಾಗ ಚೆನ್ನಾಗಿ ಎಸೆಯೋನಿಗಿಂತ ಚೆನ್ನಾಗಿ ಓಡೋನನ್ನ ತಗೊಳ್ಳಿ.

ತುಂಬಾ ಜನ ಇಲ್ಲೇ ಜಗಳಕ್ಕೆ ಬರ್ತಾರೆ. ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಮಾಡೋನೇ ಕ್ಯೂಬಿ, ಅವನ್ನ ಬಿಟ್ಟು ಇನ್ಯಾರನ್ನ ಮೊದ್ಲು ತಗೋಬೇಕು ಅಂತ. ಸರಿ, ಲೆಕ್ಕ ಮಾಡೋಣ. 12 ಜನರ ಲೀಗಲ್ಲಿ ಒಂದು ವಾರಕ್ಕೆ ಬೇಕಾಗೋದು 12 ಕ್ಯೂಬಿ. ಎನ್‌ಎಫ್‌ಎಲ್‌ನಲ್ಲಿರೋದು 32 ಟೀಮು, 32 ಸ್ಟಾರ್ಟರ್‌ಗಳು. ಅಂದ್ರೆ 20 ಜನ ಮಿಕ್ಕೇ ಮಿಕ್ತಾರೆ. ಅದೇ ರನ್ನಿಂಗ್ ಬ್ಯಾಕ್, ಅಂದ್ರೆ ಬಾಲ್ ಹಿಡ್ಕೊಂಡು ಓಡೋ ಆಟಗಾರನ್ನ ನೋಡಿ, ಒಬ್ಬೊಬ್ರಿಗೂ ಕನಿಷ್ಠ ಇಬ್ರು ಬೇಕು, ಫ್ಲೆಕ್ಸ್ ಜಾಗ (ಬ್ಯಾಕ್ ಅಥವಾ ಪಾಸ್ ಹಿಡಿಯೋ ರಿಸೀವರ್, ಯಾರನ್ನಾದ್ರೂ ಹಾಕೋ ಜಾಗ) ಸೇರಿಸಿದ್ರೆ ಇನ್ನೂ ಜಾಸ್ತಿ, ಆದ್ರೆ ಅಲ್ಲಿ ಎಷ್ಟೋ ಟೀಮುಗಳು ಇಬ್ರ ಮಧ್ಯೆ ಬಾಲ್ ಹಂಚ್ತಾವೆ, ಪೂರ್ತಿ ಕೆಲಸ ಒಬ್ಬನೇ ಮಾಡೋ ಬ್ಯಾಕ್ ಸಿಗೋದೇ ಕಷ್ಟ. ಕೊರತೆ ಇರೋದು ಅಲ್ಲಿ. ಎಂಟನೇ ರೌಂಡಲ್ಲಿ ಸಿಗೋ ರನ್ನಿಂಗ್ ಬ್ಯಾಕಿಗೂ ಎಂಟನೇ ರೌಂಡಲ್ಲಿ ಸಿಗೋ ಕ್ಯೂಬಿಗೂ ಹೋಲಿಸಿ ನೋಡಿ, ಒಬ್ಬ ಬೆಂಚಲ್ಲಿ ಕೂರ್ತಾನೆ, ಇನ್ನೊಬ್ಬ ಪ್ರತಿ ವಾರ ನಿಮ್ಮ ಟೀಮಲ್ಲಿ ಆಡ್ತಾನೆ.

ಉದಾಹರಣೆಗೆ ದೂರ ಹೋಗ್ಬೇಕಿಲ್ಲ, 2024. ಟ್ಯಾಂಪಾ ಬೇ ಟೀಮಿನ ಕ್ಯೂಬಿ ಬೇಕರ್ ಮೇಫೀಲ್ಡ್ ಎಸೆದಿದ್ದು 4,500 ಯಾರ್ಡು, 41 ಟಚ್‌ಡೌನ್ ಪಾಸ್ (ಎದುರಾಳಿ ಗೋಲ್ ಲೈನ್ ದಾಟಿಸಿ ಅಂಕ ತರೋ ಪಾಸ್). ಅದೇ ವರ್ಷ ಬಾಲ್ಟಿಮೋರ್ ಕ್ಯೂಬಿ ಲಮಾರ್ ಜಾಕ್ಸನ್ ಎಸೆದಿದ್ದೂ 41. ಆ ಆಗಸ್ಟಲ್ಲಿ ಲಮಾರ್‌ಗೆ ಜನ ಎಷ್ಟು ಬೇಗ ಪಿಕ್ ಖರ್ಚು ಮಾಡಿದ್ರು, ಬೇಕರ್‌ನ ಯಾರು ಯಾವಾಗ ತಗೊಂಡ್ರು, ನಿಮ್ಮ ಲೀಗಿನ ಹಳೇ ಡ್ರಾಫ್ಟ್ ಬೋರ್ಡ್ ತೆಗೆದು ನೋಡಿ. ಹಿಂದಕ್ಕೆ ಹೋದ್ರೂ ಇದೇ ಕಥೆ. 2018ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಕ್ಯೂಬಿ ಮಹೋಮ್ಸ್ 50 ಟಚ್‌ಡೌನ್ ಎಸೆದ, 2019ರಲ್ಲಿ ಲಮಾರ್ 1,206 ಯಾರ್ಡ್ ಓಡಿ ಎಲ್ಲಾ ಓಟೂ ತಗೊಂಡು ಎಂವಿಪಿ, ಅಂದ್ರೆ ಆ ವರ್ಷದ ಅತ್ಯುತ್ತಮ ಆಟಗಾರ ಆದ. ಆ ವರ್ಷಗಳ ಡ್ರಾಫ್ಟಲ್ಲಿ ಇಬ್ರೂ ಮೊದಲ ಹತ್ತು ಕ್ಯೂಬಿಗಳ ಸಾಲಲ್ಲೇ ಹೋಗಿರ್ಲಿಲ್ಲ ಬಹುತೇಕ ಲೀಗುಗಳಲ್ಲಿ.

ಈ ಕ್ಯೂಬಿ ಮೋಹ ಆಟದಷ್ಟೇ ಹಳೇದು ಅನ್ನಿ. ಫ್ಯಾಂಟಸಿ ಫುಟ್ಬಾಲ್ ಹುಟ್ಟಿದ್ದು ಓಕ್ಲೆಂಡಲ್ಲಿ, ಬಿಲ್ ವಿಂಕೆನ್‌ಬಾಕ್ ಅಂತ ರೈಡರ್ಸ್ ಟೀಮಲ್ಲಿ ಸ್ವಲ್ಪ ಪಾಲು ಇದ್ದ ಮನುಷ್ಯ ಮತ್ತೆ ಅವನ ಗೆಳೆಯರು ಸೇರಿ 1963ರಲ್ಲಿ ಮೊದಲ ಡ್ರಾಫ್ಟ್ ಮಾಡಿದ್ರು. ಅಲ್ಲಿ ಮೊಟ್ಟಮೊದಲು ಹೋದೋನು ಹ್ಯೂಸ್ಟನ್ ಆಯಿಲರ್ಸಿನ ಕ್ಯೂಬಿ ಜಾರ್ಜ್ ಬ್ಲಾಂಡಾ. ಹಿಂದಿನ ವರ್ಷವಷ್ಟೇ 42 ಇಂಟರ್ಸೆಪ್ಷನ್ (ಎದುರಾಳಿ ಕೈಗೆ ಹೋದ ಪಾಸ್) ಎಸೆದಿದ್ದ ಬ್ಲಾಂಡಾ! ಕಿಕ್ಕರ್ ಕೂಡಾ ಅವನೇ ಆಗಿದ್ದ, ಆ ಕಾರಣಕ್ಕೆ ಬೆಲೆ ಇತ್ತು, ಒಪ್ತೀನಿ. ಆದ್ರೆ ಬಿಟ್ಟಿದ್ದು ಯಾರನ್ನ? ಕ್ಲೀವ್‌ಲ್ಯಾಂಡಿನ ರನ್ನಿಂಗ್ ಬ್ಯಾಕ್ ಜಿಮ್ ಬ್ರೌನ್‌ನ. ಆ ಸೀಸನ್ನಲ್ಲಿ ಬ್ರೌನ್ 14 ಮ್ಯಾಚಲ್ಲಿ 1,863 ಯಾರ್ಡ್ ಓಡಿ ದಾಖಲೆ ಮಾಡಿದ.

ಈಗ ಓಟದ ವಿಷಯಕ್ಕೆ ಬರ್ತೀನಿ, ನನಗೆ ಬಹಳ ಮುಖ್ಯ ಅನ್ಸೋದು ಇದೇ. ಸಾಮಾನ್ಯ ಸ್ಕೋರಿಂಗಲ್ಲಿ 25 ಯಾರ್ಡ್ ಎಸೆದ್ರೆ ಒಂದು ಪಾಯಿಂಟು, ಆದ್ರೆ 10 ಯಾರ್ಡ್ ಓಡಿದ್ರೇ ಒಂದು ಪಾಯಿಂಟು. ಟಚ್‌ಡೌನ್ ಎಸೆದ್ರೆ 4, ತಾನೇ ಓಡಿ ಹೊಕ್ಕರೆ 6. ರೂಲ್ಸೇ ಓಡೋನ ಪರವಾಗಿದೆ. ಜೇಡನ್ ಡೇನಿಯಲ್ಸ್‌ನ ತಗೊಳ್ಳಿ, 2024ರಲ್ಲಿ ವಾಷಿಂಗ್ಟನ್‌ಗೆ ಆಡಿದ ಹೊಸ ಹುಡುಗ, 891 ಯಾರ್ಡ್ ಓಡಿದ, ಓಡಿ 6 ಟಚ್‌ಡೌನ್. ಯಾರ್ಡಿಗೆ 89, ಟಚ್‌ಡೌನಿಗೆ 36, ಒಟ್ಟು 125. 17 ಮ್ಯಾಚಿಗೆ ಹಂಚಿದ್ರೆ ಬರೀ ಕಾಲಿಂದಲೇ ಮ್ಯಾಚಿಗೆ ಏಳು ಪಾಯಿಂಟಿಗಿಂತ ಜಾಸ್ತಿ, ಇನ್ನೂ ಒಂದು ಪಾಸೂ ಎಸೆಯೋ ಮುಂಚೆ! ಆ 125 ಪಾಯಿಂಟನ್ನ ಬರೀ ಯಾರ್ಡ್ ಎಸೆದೇ ಮಾಡ್ಬೇಕು ಅಂದ್ರೆ 3,125 ಯಾರ್ಡ್ ಬೇಕು, ಅಂದ್ರೆ ಇನ್ನೊಬ್ಬ ಸಾಧಾರಣ ಕ್ಯೂಬಿ ವರ್ಷವೆಲ್ಲಾ ಮಾಡೋ ಕೆಲಸ ಇವನ ಜೇಬಲ್ಲಿ ಮೊದ್ಲೇ ಇರುತ್ತೆ.

ಫಿಲಡೆಲ್ಫಿಯಾ ಈಗಲ್ಸ್ ಕ್ಯೂಬಿ ಜೇಲನ್ ಹರ್ಟ್ಸ್ ಇನ್ನೊಂದು ಥರ. ಅವನದು ಉದ್ದುದ್ದ ಓಟ ಅಲ್ಲ, ಗೋಲ್ ಲೈನ್ ಹತ್ರ ಟಶ್ ಪುಶ್, ಹಿಂದಿಂದ ಇಬ್ರು ತಳ್ತಾರೆ ಇವನು ನುಗ್ಗಿ ಹೋಗ್ತಾನೆ. 2022ರಲ್ಲಿ 13, 2023ರಲ್ಲಿ 15, 2024ರಲ್ಲಿ 14 ಟಚ್‌ಡೌನ್ ಓಡಿ ಮಾಡಿದಾನೆ. ಆ 14 ಅಂದ್ರೆ 84 ಪಾಯಿಂಟು, ಎಸೆದು ಮಾಡ್ಬೇಕಾದ್ರೆ 21 ಟಚ್‌ಡೌನ್ ಪಾಸ್ ಬೇಕು. ಈ ಟಶ್ ಪುಶ್ಶನ್ನೇ ನಿಷೇಧಿಸ್ಬೇಕು ಅಂತ 2025ರ ಮೇ ತಿಂಗಳಲ್ಲಿ ಟೀಮ್ ಮಾಲೀಕರು ಓಟು ಹಾಕಿದ್ರು, 24 ಬೇಕಿತ್ತು 22 ಬಂತು, ಬಿದ್ದೋಯ್ತು. ಹಾಗಾಗಿ 2025ರ ಸೀಸನ್ನಲ್ಲೂ ನಡೆಯುತ್ತೆ.

ಹಾಗಂತ ಓಡೋರೆಲ್ಲಾ ಆಗ್ತಾರೆ ಅಂತಲ್ಲ. ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಆಂಥನಿ ರಿಚರ್ಡ್ಸನ್ ಓಡ್ತಾನೆ, ಬಾಲ್ ಎಸೆದ್ರೆ ಮೋಡ ಮುಟ್ಟುತ್ತೆ, 2024ರಲ್ಲಿ ಎಷ್ಟೋ ಜನ ಅವನನ್ನ ದೊಡ್ಡ ಆಸೆ ಇಟ್ಕೊಂಡು ಬೇಗ ತಗೊಂಡ್ರು. ನೂರು ಪಾಸ್ ಎಸೆದ್ರೆ 48ನೂ ರಿಸೀವರ್ ಕೈ ಸೇರ್ಲಿಲ್ಲ, ಅಕ್ಟೋಬರಲ್ಲಿ ಟೆಕ್ಸನ್ಸ್ ಮ್ಯಾಚಲ್ಲಿ ಸುಸ್ತಾಯ್ತು ಅಂತ ಒಂದು ಪ್ಲೇಗೆ ಹೊರಗೆ ಬಂದ, ಅದಾದ್ಮೇಲೆ ಕೂರ್ಸಿ 39 ವರ್ಷದ ಫ್ಲಾಕೋನ ಆಡಿಸಿದ್ರು. 2025ರ ಸೀಸನ್ನಿಗೆ ಕೋಲ್ಟ್ಸ್ ಡೇನಿಯಲ್ ಜೋನ್ಸ್‌ನೇ ಸ್ಟಾರ್ಟರ್ ಅಂದ್ಬಿಟ್ರು. ಅದಕ್ಕೇ ಓಡೋನು ಬೇಕು, ಜೊತೆಗೆ ಕೆಲಸ ಭದ್ರ ಇರೋನು ಬೇಕು. ಇದೆರಡೂ ಇಲ್ದೆ ಬರೀ ಹೆಸರು ನೋಡಿ ತಗೊಳ್ಳೋದು ಇನ್ನೂ ತಪ್ಪು, ಮಹೋಮ್ಸ್ 2024ರಲ್ಲಿ ಎಸೆದಿದ್ದು 26 ಟಚ್‌ಡೌನ್. ಚೀಫ್ಸ್ 15 ಮ್ಯಾಚ್ ಗೆದ್ರು, ಅದು ಚೀಫ್ಸ್‌ಗೆ ಒಳ್ಳೇದು, ನಿಮ್ಮ ಫ್ಯಾಂಟಸಿ ಟೀಮಿಗೆ ಗೆಲುವಿಂದ ಏನೂ ಸಿಗಲ್ಲ.

ಹ್ಯೂಸ್ಟನ್ ಟೆಕ್ಸನ್ಸ್ ಕ್ಯೂಬಿ ಸ್ಟ್ರೌಡ್ ಕಥೆ ಇನ್ನೂ ಚೆನ್ನಾಗಿದೆ. 2023ರ ಮೊದಲ ವಾರ ಆರನ್ ರಾಡ್ಜರ್ಸ್ ಜೆಟ್ಸ್‌ಗೆ ಆಡಿದ ನಾಲ್ಕನೇ ಪ್ಲೇಗೇ ಹಿಮ್ಮಡಿಯ ಅಕಿಲೀಸ್ ನರ ಹರ್ಕೊಂಡು ಸೀಸನ್ ಮುಗಿಸ್ದ. ಅವನನ್ನ ತಗೊಂಡಿದ್ದೋರು ಎಲ್ಲಿ ಹೋದ್ರು? ವೇವರ್‌ಗೆ, ಅಂದ್ರೆ ಯಾರ ಟೀಮಲ್ಲೂ ಇಲ್ಲದ ಆಟಗಾರರ ಪಟ್ಟಿಗೆ. ಅಲ್ಲಿ ಎಷ್ಟೋ ಲೀಗಲ್ಲಿ ಸಿ ಜೆ ಸ್ಟ್ರೌಡ್ ಸುಮ್ನೆ ಬಿದ್ದಿದ್ದ, 4,108 ಯಾರ್ಡ್ ಎಸೆದು 5 ಇಂಟರ್ಸೆಪ್ಷನ್ ಮಾತ್ರ ಕೊಟ್ಟ. ಮರುವರ್ಷ ಅದೇ ಸ್ಟ್ರೌಡ್‌ಗೆ ಜನ ಮುಗಿಬಿದ್ದು ಬೇಗ ಪಿಕ್ ಖರ್ಚು ಮಾಡಿದ್ರು, 20 ಟಚ್‌ಡೌನ್, 12 ಇಂಟರ್ಸೆಪ್ಷನ್. ಬಿಟ್ಟಿ ಸಿಕ್ಕಾಗ ಲಾಭ, ಕಾಸು ಕೊಟ್ಟಾಗ ನಷ್ಟ. ಇದೇ ಕಾರಣಕ್ಕೆ ಎರಡನೇ ಕ್ಯೂಬಿನ ಬೆಂಚಲ್ಲಿ ಕೂರ್ಸೋದೂ ಬೇಡ ಅಂತೀನಿ, ಬೈ ವಾರಕ್ಕೆ (ನಿಮ್ಮ ಕ್ಯೂಬಿಯ ಟೀಮಿಗೆ ಮ್ಯಾಚ್ ಇಲ್ಲದ ವಾರ) ಒಬ್ಬನ್ನ ವೇವರಿಂದ ತಂದ್ರಾಯ್ತು, ಆ ಜಾಗದಲ್ಲಿ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಇಟ್ಕೊಳ್ಳಿ.

ಡ್ರಾಫ್ಟ್ ದಿನ ಏನಾಗುತ್ತೆ ಗೊತ್ತಲ್ಲ, ಎರಡನೇ ರೌಂಡಲ್ಲಿ ಯಾರೋ ಒಬ್ರು ಆಲನ್‌ನ ಎತ್ಕೋತಾರೆ, ಹಿಂದೇನೇ ಲಮಾರ್, ಆಮೇಲೆ ಡೇನಿಯಲ್ಸ್, ಹರ್ಟ್ಸ್, ಚಾಟಲ್ಲಿ ಅಯ್ಯೋ ಕ್ಯೂಬಿಗಳು ಖಾಲಿ ಆಗ್ತಿದಾರೆ ಅಂತ ಗಲಾಟೆ, ನಿಮ್ಮ ಟೈಮರ್ ಕೆಂಪಾಗಿ ಓಡ್ತಾ ಇರುತ್ತೆ, ಕೈ ನಡುಗೋ ಅಂಥ ಸಮಯ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ. ಅವ್ರು ನಾಲ್ಕು ಜನ ಕ್ಯೂಬಿ ತಗೊಂಡ್ರು ಅಂದ್ರೆ ನಾಲ್ಕು ಒಳ್ಳೇ ರಿಸೀವರ್, ಬ್ಯಾಕ್ ಕೆಳಗೆ ಜಾರಿ ನಿಮ್ಮ ಹತ್ರ ಬಂದ್ರು ಅಂತ ಅರ್ಥ. ತಗೊಳ್ಳಿ ಅವ್ರನ್ನ, ಖುಷಿಯಾಗಿ ತಗೊಳ್ಳಿ.

ಈಗ, ನಾನು ಹೇಳಿದ್ದು ಪೂರ್ತಿ ಉಲ್ಟಾ ಆಗೋ ಲೀಗುಗಳಿವೆ, ಅದಕ್ಕೇ ಸೆಟ್ಟಿಂಗ್ಸ್ ಪೇಜ್ ಓದ್ದೆ ಡ್ರಾಫ್ಟಿಗೆ ಕೂರ್ಬೇಡಿ ಅಂತ ಕೈಮುಗಿದು ಕೇಳ್ಕೋತೀನಿ. ಸೂಪರ್‌ಫ್ಲೆಕ್ಸ್ ಲೀಗಲ್ಲಿ ಇಬ್ರು ಕ್ಯೂಬಿ ಆಡಿಸ್ಬಹುದು, ಆಗ 12 ಜನಕ್ಕೆ 24 ಬೇಕು, ಇರೋದು 32, ಅದ್ರಲ್ಲಿ ಗಾಯ ಆದೋರು, ಬೈ ವಾರದೋರು ಬೇರೆ. ಅಲ್ಲಿ ಮೊದಲ ರೌಂಡಲ್ಲೇ ತಗೊಳ್ಳಿ, ಕಾಯೋದೇ ಬೇಡ. ಇನ್ನು ಪಾಸಿಂಗ್ ಟಚ್‌ಡೌನಿಗೆ 4ರ ಬದ್ಲು 6 ಕೊಡೋ ಲೀಗಾದ್ರೆ ಸಿನ್ಸಿನಾಟಿ ಕ್ಯೂಬಿ ಜೋ ಬರೋ ಥರ ಜಾಸ್ತಿ ಎಸೆಯೋರು ಮೇಲೆ ಬರ್ತಾರೆ, 2024ರಲ್ಲಿ ಅವನು 43 ಎಸೆದ, ಅಂದ್ರೆ 86 ಪಾಯಿಂಟ್ ಹೆಚ್ಚು. ಇಂಟರ್ಸೆಪ್ಷನ್ನಿಗೆ ಮೈನಸ್ ಒಂದಾ ಎರಡಾ ಅದನ್ನೂ ನೋಡ್ಕೊಳ್ಳಿ. ಬರೋ ಟೀಮಿನದೇ ರಿಸೀವರ್ ಜಮಾರ್ ಚೇಸ್ ಮೊದಲ ರೌಂಡಲ್ಲಿ ಸಿಕ್ಕಿದ್ರೆ ಮಾತ್ರ ಬರೋಗೆ ನಾನು ಸ್ವಲ್ಪ ಮುಂಚೆ ಹೋಗ್ತೀನಿ, ಒಂದೇ ಪಾಸಿಗೆ ಎರಡು ಕಡೆ ಪಾಯಿಂಟ್ ಬರುತ್ತೆ, 2024ರಲ್ಲಿ ಚೇಸ್ ಹಿಡಿದ 17 ಟಚ್‌ಡೌನ್ ನೆನಪಿರ್ಬೇಕಲ್ಲ.

ಡ್ರಾಫ್ಟ್ ಆದಷ್ಟು ಕೊನೇಗೆ ಇಟ್ಕೊಳ್ಳಿ ಅಂತ ನಿಮ್ಮ ಲೀಗ್ ನಡ್ಸೋ ಕಮಿಷನರ್‌ಗೆ ಹೇಳಿ. 2019ರ ಆಗಸ್ಟ್ 24, ಪ್ರಿಸೀಸನ್ ಮ್ಯಾಚ್ (ಸೀಸನ್ ಮುಂಚಿನ ಅಭ್ಯಾಸ ಮ್ಯಾಚ್) ನಡೀತಿರೋವಾಗ್ಲೇ ಕೋಲ್ಟ್ಸ್ ಕ್ಯೂಬಿ ಆಂಡ್ರೂ ಲಕ್ ರಿಟೈರ್ ಆಗ್ತಾನೆ ಅಂತ ಸುದ್ದಿ ಬಂತು, ಅಷ್ಟೊತ್ತಿಗೆ ಡ್ರಾಫ್ಟ್ ಮುಗಿಸಿ ಅವನನ್ನ ತಗೊಂಡಿದ್ದೋರ ಕೈಯಲ್ಲಿ ಏನೂ ಉಳೀಲಿಲ್ಲ.

ಸರಿ, ಹೆಸರು ಹೇಳಿ ಅಂತೀರಲ್ಲ. ಆಲನ್, ಲಮಾರ್ ಇಬ್ರೂ ಬೇರೆಯವ್ರ ಪಾಲಾಗ್ಲಿ. ಎಂಟು ಒಂಬತ್ತನೇ ರೌಂಡ್ ಹತ್ರ ಡೆನ್ವರ್ ಕ್ಯೂಬಿ ಬೋ ನಿಕ್ಸ್ ಇದ್ರೆ ಕಣ್ಮುಚ್ಚಿ ತಗೋತೀನಿ, ಮೊದಲ ವರ್ಷವೇ 29 ಟಚ್‌ಡೌನ್ ಎಸೆದು 430 ಯಾರ್ಡ್ ಓಡಿದಾನೆ, ಕೋಚ್ ಶಾನ್ ಪೇಟನ್ ಅವನ ಮೇಲೆ ಪೂರ್ತಿ ನಂಬಿಕೆ ಇಟ್ಟಿದಾರೆ. ಅವನೂ ಹೋದ್ರೆ ಕೈಲರ್ ಮರೀ, 2024ರಲ್ಲಿ ಅರಿಜೋನಾಗೆ ಆಡಿ 572 ಯಾರ್ಡ್ ಓಡಿದ ಕ್ಯೂಬಿ. ಅವನೂ ಇಲ್ವಾ, ಕೊನೇ ರೌಂಡುಗಳವರೆಗೂ ಕಾಯ್ತೀನಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಕ್ಯೂಬಿ ಡ್ರೇಕ್ ಮೇ ಇರ್ತಾನೆ. 2024ರಲ್ಲಿ 13 ಮ್ಯಾಚಲ್ಲಿ 421 ಯಾರ್ಡ್ ಓಡಿದ ಹುಡುಗ, ಅದೂ ಸುತ್ತ ಸರಿಯಾದ ರಿಸೀವರ್‌ಗಳೇ ಇಲ್ದೇ ಇದ್ದ ಟೀಮಲ್ಲಿ. 2025ರ ಸೀಸನ್ನಿಗೆ ರಿಸೀವರ್ ಡಿಗ್ಸ್ ಬಂದಿದಾನೆ, ಕೋಚ್ ವ್ರೇಬಲ್, ಅಫೆನ್ಸ್ ನೋಡ್ಕೊಳ್ಳೋಕೆ ಮೆಕ್‌ಡೇನಿಯಲ್ಸ್ ವಾಪಸ್ ಬಂದಿದಾರೆ. ನಿಮ್ಮ ಲೀಗಲ್ಲಿ ಎಷ್ಟು ಜನ, ಪಾಸಿಂಗ್ ಟಚ್‌ಡೌನಿಗೆ ಎಷ್ಟು ಪಾಯಿಂಟು, ನಿಮ್ಮ ಪಿಕ್ ಎಷ್ಟನೇದು ಅಂತ ಬರೆದು ಕಳ್ಸಿ, ಮುಂದಿನ ಎಪಿಸೋಡಲ್ಲಿ ರನ್ನಿಂಗ್ ಬ್ಯಾಕ್ ಮಾತಾಡೋವಾಗ ಅದನ್ನೇ ಇಟ್ಕೊಂಡು ಮಾತಾಡ್ತೀನಿ.