ಹಗೇವಿನಂಥದೊಂದು ಒಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಅಜ್ಜನ ಮನೆಯ ಮುಂದೆ ಒಂದು ಹಗೇವು ಇತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಅದೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಆಳೆತ್ತರದ ಗುಂಡಿ, ಅದರ ತುಂಬ ಜೋಳ, ಬಾಯಿಗೊಂದು ಚಪ್ಪಡಿ ಕಲ್ಲು, ಕಲ್ಲಿನ ಸಂದಿಗೆಲ್ಲ ಮೆತ್ತಿದ ಹಸಿಮಣ್ಣು. ಒಳಗೆ ಗಾಳಿ ಆಡಿತೋ, ಕಾಳು ಕೆಟ್ಟಿತು. ಓಮಾನ್ ದೇಶದ ನಿಜ್ವಾದಲ್ಲಿ ನಾನು ಕೆಲಸಕ್ಕಿದ್ದಾಗ ಬಂದ ಮೊದಲ ಬಕ್ರೀದಿನಲ್ಲಿ ಸಹೋದ್ಯೋಗಿಯೊಬ್ಬರು ಮನೆಗೆ ಕರೆದು, "ಬನ್ನಿ, ನಮ್ಮ ಒಲೆ ತೋರಿಸುತ್ತೇನೆ" ಎಂದು ಓಣಿಯ ತುದಿಗೆ ನಡೆಸಿಕೊಂಡು ಹೋದರು. ನೋಡಿದರೆ ಅಂಥದೇ ಗುಂಡಿ. ಒಳಗೆ ಜೋಳದ ಬದಲು ಬೆಂಕಿ ಇತ್ತು, ಅಷ್ಟೆ.

ಅರಬರ ಹಬ್ಬ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ರೂಢಿ ನಮ್ಮದು. ನಮಾಜು ಎಲ್ಲ ಕಡೆಯೂ ಒಂದೇ, ನಿಜ. ಊಟಕ್ಕೆ ಕುಳಿತಾಗ ಮಾತ್ರ ದೇಶ ಗೊತ್ತಾಗುತ್ತದೆ. ಬಕ್ರೀದಿಗೆ ಈಜಿಪ್ಟಿನವರು ರೊಟ್ಟಿಯ ಚೂರುಗಳ ಮೇಲೆ ಅನ್ನ, ಮಾಂಸ ಹರಡಿ, ಬೆಳ್ಳುಳ್ಳಿ ಮತ್ತು ವಿನಿಗರ್ ಹಾಕಿದ ಸಾರು ಸುರಿದು 'ಫತ್ತಾ' ಮಾಡುತ್ತಾರೆ. ಇರಾಕಿನವರಿಗೆ ಹಬ್ಬದ ಬೆಳಗ್ಗೆ ಪದರ ಪದರವಾದ 'ಕಾಹಿ'ಯ ಜೊತೆ ಎಮ್ಮೆ ಹಾಲಿನ ಗಟ್ಟಿ ಕೆನೆ ಬೇಕು. ಹಬ್ಬದ ದಿನವೂ ಎಲ್ಲ ಕಡೆ ಒಂದೇ ಆಗಿರಬೇಕೆಂದಿಲ್ಲ. 2024ರಲ್ಲಿ ಸೌದಿ ಅರೇಬಿಯಾದವರು ಬಕ್ರೀದನ್ನು ಜೂನ್ 16ಕ್ಕೆ ಆಚರಿಸಿದರು. ಪಕ್ಕದ ಓಮಾನಿನವರು ತಮ್ಮ ಚಂದ್ರನನ್ನು ತಾವೇ ನೋಡಿ ಜೂನ್ 17ಕ್ಕೆ ಆಚರಿಸಿದರು. ನಮ್ಮಲ್ಲೂ ಅಂದು 17ಕ್ಕೇ.

ಓಮಾನಿನ ಹಬ್ಬ ಶುರುವಾಗುವುದು ಸಂತೆಯಲ್ಲಿ. ಈದ್ ಇನ್ನು ಕೆಲವೇ ದಿನ ಇದೆ ಎನ್ನುವಾಗ ಊರೂರಿನಲ್ಲಿ ಸೇರುವ ಈ ಸಂತೆಗೆ 'ಹಬ್ತಾ' ಎಂದು ಹೆಸರು. ನಿಜ್ವಾದ ಹಳೆಯ ಕೋಟೆಯ ಬಳಿ ಆಡು, ಕುರಿ, ದನಗಳನ್ನು ಹಗ್ಗ ಹಿಡಿದು ಸುತ್ತು ಹೊಡೆಸುತ್ತಾರೆ. ಕೊಳ್ಳುವವರು ಸುತ್ತಲೂ ಕುಳಿತು, ಮುಂದೆ ಬಂದದ್ದನ್ನು ತಡೆದು ನಿಲ್ಲಿಸಿ, ಬೆನ್ನು ಅದುಮಿ, ಹಲ್ಲು ನೋಡಿ ಬೆಲೆ ಕೂಗುತ್ತಾರೆ. ನಮ್ಮ ಜಾನುವಾರು ಸಂತೆ ಕಂಡವರಿಗೆ ಹೊಸದೇನಲ್ಲ. ಆದರೆ ಅಲ್ಲಿ ಆಡುಗಳು ತಿರುಗುತ್ತವೆ, ಮನುಷ್ಯರು ಕುಳಿತಿರುತ್ತಾರೆ. ಜಾಣತನದ ಏರ್ಪಾಡು.

ಹಬ್ಬದ ಬೆಳಗ್ಗೆ ದಿಶ್ದಾಶಾ ಎಂಬ ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ಕಸೂತಿಯ ರುಮಾಲು ಸುತ್ತಿ, ಸೊಂಟಕ್ಕೆ ಖಂಜರ್ ಎಂಬ ಬೆಳ್ಳಿಯ ಬಾಗು ಬಾಕು ಕಟ್ಟಿಕೊಂಡ ಗಂಡಸರು ಬಯಲಿನಲ್ಲಿ ನಮಾಜು ಮಾಡುತ್ತಾರೆ. ಆಮೇಲೆ ಮನೆಗೆ ಬಂದರೆ 'ಅರ್ಸಿಯಾ'. ಅಕ್ಕಿ ಮತ್ತು ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ಎರಡೂ ಬೇರೆ ಬೇರೆ ಎಂದು ತಿಳಿಯದಷ್ಟು ಕಡೆದು, ಮೇಲೆ ತುಪ್ಪ ಬಿಟ್ಟ ಗಂಜಿಯಂಥ ಅಡುಗೆ ಅದು. ಅಂಥ ಒಣ ನಾಡಿಗೆ ಅಕ್ಕಿ ಹಡಗಿನಲ್ಲೇ ಬರಬೇಕು. ಹದಿನೆಂಟನೆಯ ಶತಮಾನದಲ್ಲಿ ಅದರಲ್ಲಿ ಒಂದಷ್ಟು ಹೋಗುತ್ತಿದ್ದದ್ದು ನಮ್ಮ ಮಂಗಳೂರಿನಿಂದ. ಮಸ್ಕತ್ತಿನಲ್ಲಿ ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿಯೇ ಇತ್ತು. ಅಂದಿನ ಅರ್ಸಿಯಾದಲ್ಲಿ ತುಳುನಾಡಿನ ಅಕ್ಕಿಯೂ ಬೆಂದಿರಬಹುದು ಎಂದುಕೊಂಡರೆ ನನಗೊಂದು ಖುಷಿ.

ನಾನು ಮಾಂಸ ತಿನ್ನುವವನಲ್ಲ. ಅದನ್ನು ಹೇಳಲು ಸಂಕೋಚಪಟ್ಟೆ. ಹೇಳಿದ ಮೇಲೆ ನನ್ನ ಮುಂದೆ ಬಂದದ್ದು ಖರ್ಜೂರ, ಏಲಕ್ಕಿ ಹಾಕಿದ ಅರಬ್ ಕಾಫಿಯಾದ ಕಹ್ವಾ, ಜೇನು ಸವರಿದ 'ರಖಾಲ್' ರೊಟ್ಟಿ. ಕಾದ ಹೆಂಚಿನ ಮೇಲೆ ಹಿಟ್ಟನ್ನು ಬರಿಗೈಯಲ್ಲಿ ಬಳಿದು ತೆಗೆಯುವ ಆ ರೊಟ್ಟಿ ನಮ್ಮ ಬೆಳಗಾವಿಯ ಮಂಡಿಗೆಯ ದಾಯಾದಿಯಂತೆ ತೆಳ್ಳಗೆ, ಮುಟ್ಟಿದರೆ ಮುರಿಯುವಂತೆ ಇತ್ತು. ಆಮೇಲೆ ಹಲ್ವಾ. ಸಕ್ಕರೆ, ಗಂಜಿಹಿಟ್ಟು, ತುಪ್ಪ, ಕೇಸರಿ, ಗುಲಾಬಿ ನೀರು ಸೇರಿಸಿ ತಾಮ್ರದ ದೊಡ್ಡ ಕೊಪ್ಪರಿಗೆಯಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ತಿರುವಿದ್ದು. ಕಹ್ವಾದ ಪುಟ್ಟ ಬಟ್ಟಲು ಬರಿದಾದಂತೆಲ್ಲ ತುಂಬುತ್ತಲೇ ಇದ್ದರು. ಸಾಕಾದರೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಬೇಕು ಎಂಬುದು ಏಳನೆಯ ಬಟ್ಟಲಿನ ಹೊತ್ತಿಗೆ ತಿಳಿಯಿತು.

ಇನ್ನು ಆ ಗುಂಡಿ. ಅದರಲ್ಲಿ ಬೇಯುವುದಕ್ಕೆ 'ಶುವಾ' ಎನ್ನುತ್ತಾರೆ. ಕೊತ್ತಂಬರಿ, ಜೀರಿಗೆ, ಮೆಣಸು, ಲವಂಗ, ಏಲಕ್ಕಿ, ದಾಲ್ಚಿನ್ನಿ, ರಾಶಿ ಬೆಳ್ಳುಳ್ಳಿ, ಒಂದಿಷ್ಟು ವಿನಿಗರ್ ಎಲ್ಲ ಅರೆದು ಮಾಂಸಕ್ಕೆ ಮೆತ್ತಿ, ಬಾಳೆ ಎಲೆಯಲ್ಲಿ ಸುತ್ತಿ, ಖರ್ಜೂರದ ಗರಿಯಿಂದ ಹೆಣೆದ ಚೀಲದಲ್ಲಿ ಹೊಲಿಯುತ್ತಾರೆ. ಈ ಚೀಲ 'ಖಸ್ಫಾ'. ಅತ್ತ ಗುಂಡಿಯಲ್ಲಿ ಜಾಲಿ ಜಾತಿಯ ಕಟ್ಟಿಗೆ ಉರಿದು ಕೆಂಡವಾಗುತ್ತಿರುತ್ತದೆ. ಗುಂಡಿ ಒಂದು ಮನೆಯದಲ್ಲ, ಇಡೀ ಓಣಿಯದು. ನಿಜ್ವಾದಲ್ಲಿ ನಾನು ನೋಡಿದ ಓಣಿಯಲ್ಲಿ ಹಬ್ಬದ ಎರಡನೆಯ ದಿನ ಸಂಜೆ ಮನೆಮನೆಯಿಂದ ಚೀಲಗಳು ಬಂದವು. ಒಂದಕ್ಕೆ ತಂತಿಯ ಬಳೆ, ಇನ್ನೊಂದಕ್ಕೆ ತಗಡಿನ ಬಿಲ್ಲೆ, ಮತ್ತೊಂದಕ್ಕೆ ಎರಡು ಗಂಟಿನ ಹಗ್ಗ: ಅವರವರ ಗುರುತು. ಹಿರಿಯರೊಬ್ಬರು ಕೈ ಎತ್ತಿದ್ದೇ ತಡ, ಎಲ್ಲ ಚೀಲಗಳೂ ಒಟ್ಟಿಗೇ ಒಳಗೆ. ತಗಡು ಮುಚ್ಚಿದರು, ಒದ್ದೆ ಗೋಣಿ ಹಾಸಿದರು, ಮಣ್ಣು ಎಳೆದರು. ಆಮೇಲೆ ಹುಡುಗರ ಕೆಲಸ. ಎಲ್ಲಿ ಎಳೆಯಷ್ಟು ಹೊಗೆ ಕಂಡರೂ ಕೂಗಿ, ಅಲ್ಲಿಗೆ ಹಸಿಮಣ್ಣು ಮೆತ್ತಬೇಕು. ಗಾಳಿ ಹೋದರೆ ಕೆಂಡ ಮತ್ತೆ ಉರಿ ಹಿಡಿದು ಎಲ್ಲರ ಮಾಂಸವೂ ಇದ್ದಿಲು. ಒಂದು ಸಂದಿಗೆ ನಾನೂ ಮಣ್ಣು ಮೆತ್ತಿದೆ. ಹಗೇವು ಮುಚ್ಚಿ ಅಭ್ಯಾಸವಿದ್ದ ಕೈ.

ಇಪ್ಪತ್ತನಾಲ್ಕು ಗಂಟೆ ಅದನ್ನು ತೆರೆಯುವಂತಿಲ್ಲ. ಉಪ್ಪು ಹೆಚ್ಚಾಯಿತೇ, ಬೆಂದಿತೇ ಎಂದು ಇಣುಕುವಂತಿಲ್ಲ. ಕೆಲವು ಊರುಗಳಲ್ಲಿ ಎರಡು ದಿನವೂ ಬಿಡುತ್ತಾರೆ. ದಕ್ಷಿಣದ ಧೋಫಾರಿನವರಿಗೆ ಈ ಕಾಯುವಿಕೆ ಇಲ್ಲ, ಅವರು ಕಾದ ಕಲ್ಲುಗಳ ಮೇಲೇ ಮಾಂಸ ಸುಟ್ಟುಕೊಳ್ಳುತ್ತಾರೆ. ಮಸ್ಕತ್ತಿನ ಫ್ಲ್ಯಾಟುಗಳಲ್ಲಿರುವವರಿಗೆ ಗುಂಡಿ ಎಲ್ಲಿಂದ ಬರಬೇಕು? ಹೀಗಾಗಿ ಹಬ್ಬಕ್ಕೆ ರಾಜಧಾನಿ ಖಾಲಿಯಾಗುತ್ತದೆ, ಹಳ್ಳಿಯ ದಾರಿಗಳಲ್ಲಿ ಕಾರುಗಳ ಸಾಲು ನಿಲ್ಲುತ್ತದೆ.

ಒಂದು ಮಾತು ಹೇಳಲೇಬೇಕು. ಶುವಾ ಗಂಡಸರ ಅಡುಗೆ ಎಂದು ಅಲ್ಲಿ ಎಲ್ಲರೂ ಎದೆಯುಬ್ಬಿಸಿ ಹೇಳುತ್ತಾರೆ. ಚೀಲ ಎಸೆದದ್ದು, ಮಣ್ಣು ಎಳೆದದ್ದು ಗಂಡಸರು, ಒಪ್ಪಿದೆ. ಆ ಮಸಾಲೆ ಅರೆದವರಾರು ಎಂದು ಕೇಳಿದೆ. ನನ್ನ ಸ್ನೇಹಿತರು ನಕ್ಕು ಮಾತು ಬದಲಿಸಿದರು.

ಉತ್ತರ ಮರುದಿನ ಸಿಕ್ಕಿತು. ಸಂಜೆ ಮಣ್ಣು ಸರಿಸಿ ತಗಡು ಎತ್ತಿದಾಗ ಬಂದ ಹಬೆಗೆ ಓಣಿಯ ಬೆಕ್ಕುಗಳೆಲ್ಲ ಹಾಜರಾದವು. ಉದ್ದನೆಯ ಕೊಕ್ಕೆಯಿಂದ ಕಪ್ಪಾದ ಚೀಲಗಳನ್ನು ಒಂದೊಂದಾಗಿ ಎತ್ತಿ, ಗುರುತು ನೋಡಿ ಹಂಚಿದರು. ಕೊನೆಗೆ ಎರಡು ಚೀಲ ಉಳಿದವು, ಎರಡರಲ್ಲೂ ಗುರುತಿಲ್ಲ. ಹಗ್ಗ ಸುಟ್ಟುಹೋಗಿತ್ತು. ಒಂದು ನನ್ನ ಸ್ನೇಹಿತರದು, ಇನ್ನೊಂದು ಎದುರು ಮನೆಯವರದು. ದೊಡ್ಡದು ತಮ್ಮದು ಎಂದು ಇವರು, ಅಲ್ಲ ತಮ್ಮದು ಎಂದು ಅವರು. ಖಂಜರ್ ಕಟ್ಟಿದ ನಾಲ್ಕೈದು ಗಂಡಸರು ನಿಂತು ಚರ್ಚಿಸಿದರೂ ಇತ್ಯರ್ಥವಾಗಲಿಲ್ಲ. ಕೊನೆಗೆ ದೊಡ್ಡ ಚೀಲದಿಂದ ಒಂದು ತುಣುಕನ್ನು ತಟ್ಟೆಯಲ್ಲಿಟ್ಟು, ಹುಡುಗನ ಕೈಯಲ್ಲಿ ಒಳಮನೆಗೆ, ಸ್ನೇಹಿತರ ತಾಯಿಯ ಬಳಿಗೆ ಕಳಿಸಿದರು. ಹುಡುಗ ಓಡಿ ಹೋದಷ್ಟೇ ಬೇಗ ಓಡಿ ಬಂದ. ತಟ್ಟೆಯ ತುಣುಕು ಹಾಗೆಯೇ ಇತ್ತು.

"ಅಜ್ಜಿ ಬಾಯಿಗೆ ಹಾಕಿಕೊಳ್ಳಲೇ ಇಲ್ಲ. ಮೂಸಿ ನೋಡಿ, ಇದು ಎದುರು ಮನೆಯ ಲವಂಗ ಅಂದರು."

ನಮಸ್ಕಾರ.